ಅವಲಂಬಿತರು ಯಾರು?

ಕೆಲವು ಶಬ್ದಗಳು ಊರು ಬಿಟ್ಟು ಹೊರಟರೆ ತಮ್ಮ ಅರ್ಥವನ್ನು ಊರಿನಲ್ಲಿಯೇ ಬಿಟ್ಟು ಹೋಗುತ್ತವೆ. ‘ಅವಲಂಬಿತರು’ ಎಂಬುದು ಅಂಥ ಶಬ್ದಗಳಲ್ಲಿ ಒಂದು. ಭದ್ರಾವತಿಯ ಕಾರ್ಮಿಕರ ಮನೆಗಳಲ್ಲಿ ಈ ಶಬ್ದವನ್ನು ನಿಘಂಟಿನಿಂದ ಕಲಿತವರು ಯಾರೂ ಇಲ್ಲ. ನೌಕರಿಯ ಕಾಗದಗಳಿಂದ ಕಲಿತವರೇ ಎಲ್ಲರೂ. ಸಂಬಳಗಾರನ ಹೆಸರಿನ ಕೆಳಗೆ ಒಂದು ಪಟ್ಟಿ: ಹೆಂಡತಿ, ಮಕ್ಕಳು, ದುಡಿಯುವ ಶಕ್ತಿ ಕುಂದಿದ ತಾಯಿತಂದೆ. ಕಾಯಿಲೆ ಬಂದರೆ ಔಷಧ ಯಾರಿಗೆ ಸಲ್ಲತಕ್ಕದ್ದೆಂಬುದನ್ನು ಆ ಪಟ್ಟಿ ಹೇಳುತ್ತಿತ್ತು. ಒಂದೇ ಒಲೆಯ ಅನ್ನ ಉಣ್ಣುವವರು ಒಂದೇ ಪಟ್ಟಿಯಲ್ಲಿ ಇರಬಹುದೆಂಬ ಸರಳ ನ್ಯಾಯ ಅದರಲ್ಲಿತ್ತು.

ಅದೇ ಶಬ್ದ ಈಗ ಅದೇ ಮನೆಗಳಿಗೆ ಬೇರೊಂದು ಬಾಗಿಲಿನಿಂದ ಬಂದಿದೆ. ಹೊರದೇಶದಲ್ಲಿ ಕೆಲಸ ದೊರಕಿಸಿಕೊಂಡ ಮಗ ತನ್ನವರನ್ನು ಕರೆಸಿಕೊಳ್ಳಲು ಬೇಕಾದ ವೀಸಾಕ್ಕೆ ‘ಅವಲಂಬಿತರ ವೀಸಾ’ ಎಂದು ಹೆಸರು. ಆದರೆ ಅಲ್ಲಿ ಪಟ್ಟಿ ಮೊಟಕಾಗಿದೆ: ಹೆಂಡತಿ ಅಥವಾ ಗಂಡ, ಮತ್ತು ಚಿಕ್ಕ ವಯಸ್ಸಿನ ಮಕ್ಕಳು. ತಾಯಿತಂದೆಯ ಸಾಲು ಕಾಣೆ. ಕಡಲು ದಾಟುವಾಗ ಭಾರ ಹೆಚ್ಚಾಯಿತೆಂದು ಯಾರೋ ಅದನ್ನು ಇಳಿಸಿ ಹೋದರೋ ಏನೋ!

ಭದ್ರಾವತಿಯಂಥ ಊರಿಗೆ ಇದು ವಿಚಿತ್ರವಾಗಿ ತೋರುವುದು ಸಹಜ. ಒಂದು ಕಾಲಕ್ಕೆ ಬೆಂಕಿಪುರವೆನಿಸಿದ್ದ ಈ ಊರು ತಾನೇ ಹೊರಗಿನಿಂದ ಬಂದವರಿಂದ ಬೆಳೆದುದು. ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆಯನ್ನು ಆರಂಭಿಸಿತು. ಅದೇ ವರ್ಷ ಸರ್ ಎಂ. ವಿಶ್ವೇಶ್ವರಯ್ಯನವರು ಅದರ ಆಡಳಿತದ ಹೊಣೆಯನ್ನು ಹೊತ್ತರು. 1936ರಲ್ಲಿ ಮೈಸೂರು ಕಾಗದದ ಕಾರ್ಖಾನೆಯ ಸಂಸ್ಥೆ ಹುಟ್ಟಿತು. ಕನ್ನಡದ ಜೊತೆಗೆ ತಮಿಳು, ತೆಲುಗು, ಮಲೆಯಾಳ, ಉರ್ದು ಭಾಷೆಗಳು ಇಲ್ಲಿನ ಸಂತೆಯಲ್ಲಿ ಬೆರೆತುಕೊಂಡವು. ಕೆಲಸಕ್ಕೆಂದು ಬಂದವನು ಮೊದಲು ಒಬ್ಬನೇ ಬಂದ. ಕೆಲಸ ಕಾಯಂ ಆದಮೇಲೆ ಹೆಂಡತಿಯನ್ನು ಕರೆಸಿದ. ವಸತಿ ದೊರೆತಮೇಲೆ ಹೆತ್ತವರನ್ನು ಕರೆಸಿದ. ಕರೆಸುವುದಕ್ಕೆ ಬೇಕಾದುದು ಅಂಚೆಯ ಒಂದು ಕಾರ್ಡು ಮತ್ತು ರೈಲಿನ ಟಿಕೆಟು, ಅಷ್ಟೆ. ‘ಇವರು ನಿನಗೆ ಏನಾಗಬೇಕು? ಸಾಕ್ಷಿ ಎಲ್ಲಿ?’ ಎಂದು ಕೇಳುವ ಗೇಟು ಆ ದಾರಿಯಲ್ಲಿ ಇರಲಿಲ್ಲ.

ಕಾಲ ತಿರುಗಿತು. ಕಾಗದದ ಕಾರ್ಖಾನೆಯ ಯಂತ್ರಗಳು 2015ರ ಹೊತ್ತಿಗೆ ನಿಂತವು. ಕಬ್ಬಿಣದ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಹೊರಬಿದ್ದಾಗ ಕಾರ್ಮಿಕರು ಬೀದಿಗಿಳಿದರು. ಅದಕ್ಕಿಂತ ಎಷ್ಟೋ ಮುಂಚೆಯೇ ಆ ಮನೆಗಳ ಮಕ್ಕಳು ಕಾರ್ಖಾನೆಯ ಸೈರನ್ನಿನ ಕಡೆಗೆ ಕಿವಿಗೊಡುವುದನ್ನು ಬಿಟ್ಟಿದ್ದರು. ಶಿವಮೊಗ್ಗದಲ್ಲಿ 1980ರಲ್ಲಿ ಆರಂಭವಾದ ಎಂಜಿನಿಯರಿಂಗ್ ಕಾಲೇಜು, ಶಂಕರಘಟ್ಟದಲ್ಲಿ 1987ರಲ್ಲಿ ಸ್ಥಾಪನೆಗೊಂಡ ಕುವೆಂಪು ವಿಶ್ವವಿದ್ಯಾನಿಲಯ, ಅಲ್ಲಿಂದ ಬೆಂಗಳೂರು, ಬೆಂಗಳೂರಿನಿಂದ ವಿಮಾನ. ಹೀಗೆ ಒಂದು ಹೊಸ ಹಾದಿ ತೆರೆಯಿತು.

ಆ ಹಾದಿಯಲ್ಲಿ ಹೋದ ಮನೆಗಳಲ್ಲಿ ಒಂದನ್ನು ನೋಡೋಣ. ಹೆಸರು ಬೇಡ, ಹೆಸರಿಲ್ಲದಿದ್ದರೆ ಹತ್ತು ಮನೆಯವರು ‘ಇದು ನಮ್ಮದೇ’ ಎನ್ನುತ್ತಾರೆ. ಆ ಮನೆಯ ಹಿರಿಯರು ಕಬ್ಬಿಣದ ಎರಕದ ಕೆಲಸದಲ್ಲಿ ಆಯುಷ್ಯ ಕಳೆದು ನಿವೃತ್ತರಾದವರು. ಒಬ್ಬನೇ ಮಗ, ಅಮೆರಿಕದಲ್ಲಿ ಕಂಪ್ಯೂಟರ್ ಕೆಲಸ. 2016ರಲ್ಲಿ ಅವನಿಗೆ ಮದುವೆಯಾಯಿತು. ಸೊಸೆ ಶಿವಮೊಗ್ಗದ ಒಂದು ಕಾಲೇಜಿನಲ್ಲಿ ಉಪನ್ಯಾಸಕಿ. ಮೂರು ವಾರಗಳ ರಜೆ ಮುಗಿಸಿ ಮಗ ಹಿಂದಿರುಗಿದ; ಸೊಸೆ ಭದ್ರಾವತಿಯಿಂದ ಶಿವಮೊಗ್ಗಕ್ಕೆ ದಿನವೂ ಬಸ್ಸಿನಲ್ಲಿ ಹೋಗಿ ಬರುತ್ತ, ಅತ್ತೆಮಾವಂದಿರ ಜೊತೆಯಲ್ಲಿ ಉಳಿದಳು. ಅವಳ ಸಂಬಳದಲ್ಲಿ ಅತ್ತೆಯ ಸಕ್ಕರೆ ಕಾಯಿಲೆಯ ಮಾತ್ರೆಗಳು ಬರುತ್ತಿದ್ದವು. ಅವಳ ಸಂಜೆಯ ಬಸ್ಸು ತಡವಾದರೆ ಮಾವ ಬಾಗಿಲಲ್ಲಿ ನಿಂತಿರುತ್ತಿದ್ದರು.

ವೀಸಾದ ಮಾತು ಬಂದೊಡನೆ ಕಾಗದಗಳ ಪುರಾಣ ಆರಂಭವಾಯಿತು. ಮದುವೆಗೆ ಐನೂರು ಜನ ಊಟ ಮಾಡಿದ್ದರು. ಆದರೆ ಐನೂರು ಎಲೆಗಳು ಸೇರಿದರೂ ಒಂದು ಪ್ರಮಾಣಪತ್ರವಾಗದು. ನೋಂದಣಿ ಕಚೇರಿಯಲ್ಲಿ ಮದುವೆಯನ್ನು ದಾಖಲು ಮಾಡಿಸಬೇಕು. ಮದುವೆಗಳ ನೋಂದಣಿ ಕಡ್ಡಾಯವಾಗಬೇಕೆಂದು ಸರ್ವೋಚ್ಚ ನ್ಯಾಯಾಲಯ 2006ರಲ್ಲಿಯೇ ಹೇಳಿದ್ದರೂ, ನಮ್ಮ ಜನಕ್ಕೆ ಅದರ ನೆನಪಾಗುವುದು ಸಾಮಾನ್ಯವಾಗಿ ವೀಸಾದ ಕಾಲಕ್ಕೇ. ಹಿರಿಯರು ಚೀಲ ಹಿಡಿದು ಕಚೇರಿಗೆ ಹೋದರು. ಅಲ್ಲಿ ಗುಮಾಸ್ತರಿಗೂ ಅವರಿಗೂ ನಡೆದ ಸಂಭಾಷಣೆಯನ್ನು ಮನೆಯವರು ಇಂದಿಗೂ ನೆನೆದು ನಗುತ್ತಾರೆ.

“ಯಜಮಾನರೇ, ಹೆಸರಿನ ಮುಂದೆ ಈ ‘ಕೆ’ ಎಂದರೇನು?”

“ನಮ್ಮ ಊರು.”

“ಈ ‘ಆರ್’?”

“ನಮ್ಮ ತಂದೆಯವರು.”

“ಹಾಗಾದರೆ ಮಗನ ಪಾಸ್‌ಪೋರ್ಟಿನಲ್ಲಿ ಮನೆತನದ ಹೆಸರು ಎಂದು ಬರೆದಿರುವುದು ಯಾವುದು?”

“ಅದು ನಾನು, ಸ್ವಾಮಿ.”

ನಗುವ ಮಾತೇ, ಆದರೆ ನಗುವಷ್ಟು ಸಣ್ಣ ಮಾತಲ್ಲ. ಹಳೆಯ ಮೈಸೂರಿನ ಕಡೆಯವರಿಗೆ ಇನಿಷಿಯಲ್ಲು ಉಂಟು, ಮನೆತನದ ಹೆಸರು ಹಲವರಿಗೆ ಇಲ್ಲ. ಜಗತ್ತಿನ ಅರ್ಜಿ ನಮೂನೆಗಳಿಗೋ ಎರಡು ಹೆಸರು ಬೇಕು. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದವರಿಗೆ ಅಮೆರಿಕದ ವೀಸಾದಲ್ಲಿ ‘ಎಫ್‌ಎನ್‌ಯು’ ಎಂದು ಮುದ್ರೆ ಬೀಳುತ್ತದೆ. ಮೊದಲ ಹೆಸರು ತಿಳಿಯದು ಎಂದು ಅದರ ತಾತ್ಪರ್ಯ. ಹೆತ್ತವರು ತೊಟ್ಟಿಲಲ್ಲಿ ಮೂರು ಸಲ ಕೂಗಿ ಇಟ್ಟ ಹೆಸರು ತಿಳಿಯದಂತೆ! ಒಂಟಿ ಹೆಸರಿನ ಪಾಸ್‌ಪೋರ್ಟಿಗೆ ಸಂದರ್ಶಕರ ವೀಸಾ ಕೊಡುವುದಿಲ್ಲವೆಂದು ಸಂಯುಕ್ತ ಅರಬ್ ಸಂಸ್ಥಾನಗಳು 2022ರ ನವೆಂಬರಿನಲ್ಲಿ ಪ್ರಕಟಿಸಿದಾಗ, ಎಷ್ಟೋ ಮಂದಿ ತಮ್ಮ ಅಪ್ಪನ ಹೆಸರನ್ನು ತಮ್ಮ ಹೆಸರಿಗೆ ಅವಸರದಿಂದ ಅಂಟಿಸಿಕೊಳ್ಳಬೇಕಾಯಿತು.

ಊರಿನ ಹೆಸರೂ ಸುಮ್ಮನಿರಲಿಲ್ಲ. ಸೊಸೆಯ ಜನನಪತ್ರದಲ್ಲಿ ಇಂಗ್ಲಿಷಿನಲ್ಲಿ ‘ಶಿಮೊಗ’ ಎಂದಿತ್ತು. 2014ರ ನವೆಂಬರ್ 1ರಿಂದ ಸರ್ಕಾರ ಅದನ್ನು ‘ಶಿವಮೊಗ್ಗ’ ಎಂದು ತಿದ್ದಿದ ಮೇಲೆ ಪಡೆದ ಪಾಸ್‌ಪೋರ್ಟಿನಲ್ಲಿ ಹೊಸ ರೂಪವಿತ್ತು. ಕನ್ನಡದಲ್ಲಿ ಓದುವವರಿಗೆ ಎರಡೂ ಒಂದೇ ಊರು. ಹೊರದೇಶದ ಅಧಿಕಾರಿಗೆ ಎರಡು ಊರು. ಇನ್ನು ಹಿಂದಿನ ಕಾಲದ ಕೆಲವರ ಜನನದ ದಾಖಲೆಯಲ್ಲಿ ಮಗುವಿನ ಹೆಸರೇ ಇರುವುದಿಲ್ಲ. ‘ಹೆಣ್ಣು ಮಗು’ ಎಂದಷ್ಟೇ ಇರುತ್ತದೆ. ಹುಟ್ಟಿದ್ದು ದಾಖಲೇ ಆಗದಿದ್ದರೆ ತೊಡಕು ಇನ್ನೂ ದೊಡ್ಡದು. 1969ರ ಜನನ ಮರಣ ನೋಂದಣಿ ಕಾನೂನಿನಂತೆ ಒಂದು ವರ್ಷ ಮೀರಿದ ಜನನವನ್ನು ದಾಖಲು ಮಾಡಿಸಲು ಮೊದಲ ದರ್ಜೆಯ ಮ್ಯಾಜಿಸ್ಟ್ರೇಟರ ಆಜ್ಞೆ ಬೇಕಾಗಿತ್ತು. 2023ರ ತಿದ್ದುಪಡಿಯ ಮೇಲೆ ಆ ಅಧಿಕಾರ ಜಿಲ್ಲಾಡಳಿತದ ಕಡೆಗೆ ಬಂದಿದೆ. ಕೊಲ್ಲಿಯ ಕೆಲವು ಅರಬ್ ಸಂಸ್ಥಾನಗಳಿಗೆ ಹೋಗುವ ಕುಟುಂಬಗಳು ಈ ಕಾಗದಗಳ ಮೇಲೆ ರಾಜ್ಯ, ವಿದೇಶಾಂಗ ಇಲಾಖೆ, ದೂತಾವಾಸ ಹೀಗೆ ಮುದ್ರೆಯ ಮೇಲೆ ಮುದ್ರೆ ಹಾಕಿಸಿಕೊಳ್ಳಬೇಕು. ಭಾರತವು 2005ರಿಂದ ‘ಅಪೊಸ್ಟಿಲ್’ ಒಪ್ಪಂದದಲ್ಲಿ ಪಾಲ್ಗೊಂಡಿರುವುದರಿಂದ, ಆ ಒಪ್ಪಂದದಲ್ಲಿರುವ ಹೆಚ್ಚಿನ ದೇಶಗಳಿಗೆ ವಿದೇಶಾಂಗ ಇಲಾಖೆಯ ಮುದ್ರೆಯ ಮೇಲೆ ದೂತಾವಾಸದ ಮುದ್ರೆ ಬೇಕಾಗುವುದಿಲ್ಲ.

ಅಂತೂ ಕಾಗದಗಳು ಕೂಡಿದವು. ಚೆನ್ನೈನಲ್ಲಿ ಸಂದರ್ಶನದ ದಿನ ಗೊತ್ತಾಯಿತು. ಅರ್ಜಿಯನ್ನು ತುಂಬುತ್ತಿದ್ದ ಸೊಸೆ ಒಂದು ಕಡೆ ಕೈ ನಿಲ್ಲಿಸಿದಳು.

“ಮಾವ, ವೃತ್ತಿ ಏನೆಂದು ಬರೆಯಲಿ?”

“ಉಪನ್ಯಾಸಕಿ ಎಂದು ಬರೆಯಮ್ಮ. ಅದರಲ್ಲಿ ಯೋಚಿಸುವುದೇನು?”

“ಅದು ಇಲ್ಲಿರುವ ತನಕ. ಅಲ್ಲಿ ಇಳಿದ ಮೇಲೆ?”

ಹಿರಿಯರು ಉತ್ತರ ಹೇಳಲಿಲ್ಲ. ಉತ್ತರ ಅವಳಿಗೂ ಗೊತ್ತಿತ್ತು. ಅಮೆರಿಕದ ಎಚ್-1ಬಿ ಕೆಲಸಗಾರನ ಹೆಂಡತಿಗೆ ದೊರೆಯುವುದು ಎಚ್-4 ವೀಸಾ. ಅದರಲ್ಲಿ ಇರಬಹುದು, ಓದಬಹುದು, ದುಡಿಯುವಂತಿಲ್ಲ. 2015ರ ಮೇ ತಿಂಗಳಿನಿಂದ ಒಂದು ಕಿಟಕಿ ತೆರೆದಿದೆ: ಗಂಡನು ಶಾಶ್ವತ ವಾಸದ ಅರ್ಜಿಯಲ್ಲಿ ಒಂದು ಹಂತವನ್ನು ದಾಟಿದ್ದರೆ ಹೆಂಡತಿಯು ಕೆಲಸದ ಅನುಮತಿಯನ್ನು ಬೇಡಬಹುದು. ಆ ಹಂತ ಮುಟ್ಟುವುದಕ್ಕೆ ವರ್ಷಗಳು ಹಿಡಿಯುತ್ತವೆ. ಅದನ್ನು ಮುಟ್ಟಿದರೂ ಶಾಶ್ವತ ವಾಸ ಕೈಗೆ ಬರುವುದು ಇನ್ನೂ ದೂರ. ಏಕೆಂದರೆ ಉದ್ಯೋಗದ ಆಧಾರದ ಮೇಲೆ ವರ್ಷಕ್ಕೆ ಕೊಡುವ ಸುಮಾರು 1,40,000 ಪರವಾನಿಗಳಲ್ಲಿ ಯಾವ ಒಂದು ದೇಶದವರಿಗೂ ಶೇಕಡಾ 7ಕ್ಕಿಂತ ಹೆಚ್ಚು ಸಲ್ಲಬಾರದೆಂಬ ಮಿತಿ ಉಂಟು. ಭಾರತೀಯರ ಸಾಲು ಹನುಮಂತನ ಬಾಲದಂತೆ ಬೆಳೆದಿದೆ. ಅಷ್ಟರಲ್ಲಿ ಮಗುವಾಗಿ ಹೋದವರಿಗೆ 21 ವರ್ಷ ತುಂಬಿದರೆ ಅವರು ಅವಲಂಬಿತರ ಪಟ್ಟಿಯಿಂದಲೇ ಜಾರಿಬೀಳುತ್ತಾರೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಇದೇ ಸೊಸೆ ಜರ್ಮನಿಯ ನೀಲಿ ಕಾರ್ಡಿನವನ ಹೆಂಡತಿಯಾಗಿ ಹೋಗಿದ್ದರೆ ಅಲ್ಲಿ ಕೆಲಸ ಮಾಡಬಹುದಾಗಿತ್ತು. ಇಂಗ್ಲೆಂಡಿನಲ್ಲಿ ನುರಿತ ಕೆಲಸಗಾರನ ಹೆಂಡತಿಯಾಗಿದ್ದರೂ ಮಾಡಬಹುದಾಗಿತ್ತು. ಅಮೆರಿಕದಲ್ಲಿಯೇ, ಒಂದೇ ಸಂಸ್ಥೆಯ ಶಾಖೆಯಿಂದ ಶಾಖೆಗೆ ವರ್ಗವಾಗಿ ಹೋದವರ ಸಂಗಾತಿಗಳಿಗೆ 2021ರ ನವೆಂಬರಿನಿಂದ ಬೇರೆ ಅನುಮತಿಯ ಅಗತ್ಯವೂ ಇಲ್ಲ. ವಿದ್ಯೆ ಅದೇ, ಕೈ ಅದೇ, ಬುದ್ಧಿ ಅದೇ. ಗಡಿ ಬದಲಾದರೆ ಒಂದು ಕಡೆ ಅವಳು ದುಡಿಯುವವಳು, ಇನ್ನೊಂದು ಕಡೆ ಆಶ್ರಿತಳು. ಹಾಗಾದರೆ ಅವಲಂಬನೆ ಎನ್ನುವುದು ಅವಳಲ್ಲಿದ್ದ ಗುಣವಲ್ಲ. ಕಾನೂನು ಅವಳಿಗೆ ತೊಡಿಸಿದ ಬಟ್ಟೆ.

ಎಲ್ಲರಿಗೂ ಆ ಬಟ್ಟೆಯಾದರೂ ದೊರೆಯುವುದೇ? ಇಲ್ಲ. ಸಂಯುಕ್ತ ಅರಬ್ ಸಂಸ್ಥಾನಗಳಲ್ಲಿ ತಿಂಗಳಿಗೆ 4,000 ದಿರ್ಹಮ್, ಅಥವಾ ವಸತಿಯೊಡನೆ 3,000 ದಿರ್ಹಮ್ ವರಮಾನವಿದ್ದವನೇ ಹೆಂಡತಿ ಮಕ್ಕಳನ್ನು ಕರೆಸಬಹುದು. ಸೌದಿ ಅರೇಬಿಯವು 2017ರ ಜುಲೈಯಲ್ಲಿ ಅವಲಂಬಿತರ ತಲೆಯೊಂದಕ್ಕೆ ತಿಂಗಳಿಗೆ 100 ರಿಯಾಲ್ ಶುಲ್ಕ ಹಾಕಿತು. ವರ್ಷಕ್ಕೆ ನೂರರಂತೆ ಏರಿ 2020ಕ್ಕೆ ಅದು 400 ಆಯಿತು. ಇಂಗ್ಲೆಂಡಿನಲ್ಲಿ ವೃದ್ಧರ ಆರೈಕೆಯ ಕೆಲಸಕ್ಕೆ 2024ರ ಮಾರ್ಚ್ 11ರ ಮೇಲೆ ಹೋದವರು ತಮ್ಮ ಕುಟುಂಬವನ್ನು ಕರೆದೊಯ್ಯುವಂತಿರಲಿಲ್ಲ. ಬೇರೊಬ್ಬರ ತಾಯಿಯನ್ನು ನೋಡಿಕೊಳ್ಳಲು ಹೋದವಳು ತನ್ನ ಮಗುವನ್ನು ಇಲ್ಲಿ ಬಿಟ್ಟು ಹೋಗಬೇಕಾಯಿತು.

ಇದೇ ಭದ್ರಾವತಿ ತಾಲ್ಲೂಕಿನಲ್ಲಿ ಬೇರೊಂದು ಬಗೆಯ ಪರದೇಶಯಾತ್ರೆಯೂ ಉಂಟು. ಸದಾಶಿವಪುರದ ಹಕ್ಕಿಪಿಕ್ಕಿ ಜನರು ಗಿಡಮೂಲಿಕೆ, ಎಣ್ಣೆಗಳನ್ನು ಮಾರಲು ಆಫ್ರಿಕದ ನಾಡುಗಳಿಗೆ ಹೋಗಿ ಬರುವವರು. 2023ರ ಏಪ್ರಿಲಿನಲ್ಲಿ ಸುಡಾನಿನಲ್ಲಿ ಯುದ್ಧ ಭುಗಿಲೆದ್ದಾಗ ಅಲ್ಲಿ ಸಿಕ್ಕಿಬಿದ್ದ ಕರ್ನಾಟಕದವರಲ್ಲಿ ಹುಣಸೂರು, ಚನ್ನಗಿರಿ, ಶಿವಮೊಗ್ಗ ಕಡೆಯ ಹಕ್ಕಿಪಿಕ್ಕಿಗಳಿದ್ದರು. ‘ಆಪರೇಷನ್ ಕಾವೇರಿ’ಯಲ್ಲಿ ಭಾರತೀಯರನ್ನು ಅಲ್ಲಿಂದ ಕರೆತರಲಾಯಿತು. ಅವರಲ್ಲಿ ಗಂಡಹೆಂಡಿರು ಒಟ್ಟಿಗೆ ಹೋಗುವುದುಂಟು. ಹೋದರೆ ಇಬ್ಬರೂ ಮಾರುವವರೇ. ಆ ಯಾತ್ರೆಯಲ್ಲಿ ಅಪಾಯ ಹೆಚ್ಚು, ಆಸರೆ ಕಡಿಮೆ. ಆದರೂ ಹೆಂಡತಿಯನ್ನು ಗಂಡನ ಬೆನ್ನಿಗೆ ಕಟ್ಟಿದ ಗಂಟೆಂದು ಅಲ್ಲಿ ಯಾರೂ ಭಾವಿಸುವುದಿಲ್ಲ.

ನಮ್ಮ ಕಥೆಯ ಸೊಸೆ ಕಾಲೇಜಿಗೆ ರಾಜೀನಾಮೆ ಕೊಟ್ಟು 2017ರಲ್ಲಿ ಹೊರಟಳು. 2019ರಲ್ಲಿ ಅಲ್ಲಿ ಅವಳಿಗೆ ಗಂಡುಮಗುವಾಯಿತು. ಸೊಸೆಗೆ ತಾಯಿ ಇರಲಿಲ್ಲ. ಬಾಣಂತನಕ್ಕೆ ಅತ್ತೆಯೇ ಹೋಗಬೇಕು. ಎಚ್-1ಬಿ ಕೆಲಸಗಾರನ ತಾಯಿತಂದೆಗೆ ಅವಲಂಬಿತರ ವೀಸಾ ಇಲ್ಲ. ಅವರು ಹೋಗತಕ್ಕದ್ದು ಸಂದರ್ಶಕರಾಗಿ, ಸಾಮಾನ್ಯವಾಗಿ ಆರು ತಿಂಗಳ ಮಟ್ಟಿಗೆ. ಮಗ ಆ ದೇಶದ ಪ್ರಜೆಯಾದರೆ ಮಾತ್ರ ಹೆತ್ತವರ ಶಾಶ್ವತ ವಾಸಕ್ಕೆ ಅರ್ಜಿ ಹಾಕಬಹುದು. ಹೀಗೆ ‘ಸಂದರ್ಶಕಿ’ಯಾಗಿ ಹೋದ ಅತ್ತೆ ಆರು ತಿಂಗಳು ಏನನ್ನು ಸಂದರ್ಶಿಸಿದರು? ಎಣ್ಣೆನೀರು, ಮೆಣಸಿನ ಸಾರು, ಬೆಳ್ಳುಳ್ಳಿಯ ಚಿತ್ರಾನ್ನ, ತೊಟ್ಟಿಲು, ರಾತ್ರಿಯ ಅಳು. ಊರಿಗೆ ಬಂದವಳು ನೀರಿಗೆ ಬಾರಳೇ ಎಂಬ ಗಾದೆಯ ನೀರು ಅವರಿಗೆ ಕಂಡದ್ದು ಅಡಿಗೆಮನೆಯ ನಲ್ಲಿಯಲ್ಲಿ. ಆ ಮನೆ ಅವರನ್ನು ಅವಲಂಬಿಸಿತ್ತು. ಕಾನೂನಿನ ಕಣ್ಣಿಗೆ ಅವರು ಊರು ನೋಡಲು ಬಂದ ಅತಿಥಿ. ಅವಧಿ ತೀರಿತು, ಅತಿಥಿಗಳು ಮರಳಿದರು.

2022ರಲ್ಲಿ ಸೊಸೆಗೆ ಕೆಲಸದ ಅನುಮತಿ ದೊರೆಯಿತು. ಒಂದು ಶಾಲೆಯಲ್ಲಿ ಪಾಠ ಹೇಳುವ ಕೆಲಸವೂ ಗೊತ್ತಾಯಿತು. ಆ ತಿಂಗಳಲ್ಲಿಯೇ ಭದ್ರಾವತಿಯಲ್ಲಿ ಮಾವನವರು ಲಕ್ವ ಹೊಡೆದು ಬಿದ್ದರು; ಬಲಗೈ ನಿಂತಿತು, ಮಾತು ತೊದಲಿತು. ಶಿವಮೊಗ್ಗದ ಆಸ್ಪತ್ರೆಯಿಂದ ಅತ್ತೆ ಫೋನಿನಲ್ಲಿ ಅತ್ತರು.

ಮಗ ಬರಬೇಡವೇ? ಬರಬೇಕು. ಆದರೆ ಅವನ ಪಾಸ್‌ಪೋರ್ಟಿನ ವೀಸಾ ಮುದ್ರೆಯ ಅವಧಿ ತೀರಿತ್ತು. ದೇಶದೊಳಗೆ ಇರುವಷ್ಟು ದಿನ ಅದರಿಂದ ತೊಂದರೆಯಿಲ್ಲ; ಹೊರಗೆ ಕಾಲಿಟ್ಟರೆ ಮರಳುವುದಕ್ಕೆ ಹೊಸ ಮುದ್ರೆ ಬೇಕು. ಆ ವರ್ಷ ಮುದ್ರೆಗಾಗಿ ತಿಂಗಳುಗಟ್ಟಲೆ ಕಾಯುವ ಪರಿಸ್ಥಿತಿ. ಕಾಯುತ್ತ ಕುಳಿತರೆ ಕೆಲಸ ಹೋಗಬಹುದು. ಕೆಲಸ ಹೋದರೆ 60 ದಿನಗಳೊಳಗೆ ಬೇರೆ ದಾರಿ ಹುಡುಕಿಕೊಳ್ಳದಿದ್ದಲ್ಲಿ ಅವನ ನೆಲೆಯೂ ಹೆಂಡತಿಯ ನೆಲೆಯೂ ಒಟ್ಟಿಗೆ ತಪ್ಪುತ್ತದೆ. ಒಂದೇ ಕಂಬದ ಮೇಲೆ ನಿಂತ ಚಪ್ಪರ ಅದು. ಕಂಬ ಅಲುಗುವಂತಿಲ್ಲ.

ಸೊಸೆಯ ಮುದ್ರೆಯೂ ತೀರಿತ್ತು. ಅವಳು ಬಂದಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವೆಂದು ಒಂದು ಮಾತೂ ಆಡದೆ, ಮೂರು ವರ್ಷದ ಮಗುವನ್ನು ಎತ್ತಿಕೊಂಡು ಬಂದಳು. ಮಗುವಿನ ಪಾಸ್‌ಪೋರ್ಟು ಮಾತ್ರ ಅಮೆರಿಕದ್ದು. ಅಜ್ಜನ ಮನೆಗೆ ಬರಲು ಅದು ಭಾರತದ ಪರವಾನಿ ಪಡೆಯಬೇಕಾಯಿತು. ಆ ಮನೆಯಲ್ಲಿ ಪರದೇಶಿ ಎಂದರೆ ಅದೊಂದೇ.

ಐದು ತಿಂಗಳು ಅವಳು ಭದ್ರಾವತಿಯಲ್ಲಿದ್ದಳು. ಮಾವನವರ ಬೆರಳುಗಳನ್ನು ದಿನಕ್ಕೆ ಮೂರು ಸಲ ಮಡಿಸಿ ಬಿಡಿಸಿದಳು. ಕಾಗುಣಿತ ಹೇಳಿಕೊಡುವಂತೆ ಮಾತನ್ನು ತಿದ್ದಿದಳು. ಔಷಧದ ಲೆಕ್ಕ, ಬ್ಯಾಂಕಿನ ಕೆಲಸ, ಅತ್ತೆಯ ಸಕ್ಕರೆ, ಗಂಡನಿಗೆ ಫೋನಿನಲ್ಲಿ ಧೈರ್ಯ, ಎಲ್ಲವೂ ಅವಳದೇ. ಸಮುದ್ರದ ಆಚೆಗಿದ್ದ ದುಡಿಯುವವನೂ ಈಚೆಗಿದ್ದ ವೃದ್ಧರೂ ತೊಡೆಯ ಮೇಲಿನ ಮಗುವೂ ಒಬ್ಬಳನ್ನೇ ಆತುಕೊಂಡಿದ್ದರು. ಸರ್ಕಾರದ ಕಾಗದದಲ್ಲಿ ಅವಲಂಬಿತೆ ಎನಿಸಿಕೊಂಡಿದ್ದವಳು ಅವಳೊಬ್ಬಳೇ!

ಇದರಿಂದ ಯಾವ ದೇಶದ ಕಾನೂನನ್ನೂ ಬಯ್ಯಬೇಕೆಂದಲ್ಲ. ಯಾವ ದೇಶವೂ ತನ್ನ ಬಾಗಿಲಲ್ಲಿ ಎಲ್ಲೋ ಒಂದು ಗೆರೆ ಎಳೆಯಲೇಬೇಕು; ವೃದ್ಧರ ಔಷಧೋಪಚಾರದ ವೆಚ್ಚವನ್ನು ಹೊರುವವರು ಯಾರೆಂದು ಕೇಳಲೂಬೇಕು. ಕೆಲವು ದೇಶಗಳು ಆ ಗೆರೆಯನ್ನು ತುಸು ಸಡಿಲಿಸಿಯೂ ಇವೆ. ಕೆನಡ 2011ರ ಡಿಸೆಂಬರಿನಲ್ಲಿ ಹೆತ್ತವರಿಗಾಗಿಯೇ ‘ಸೂಪರ್ ವೀಸಾ’ ತಂದಿತು. 2022ರ ಜುಲೈಯಿಂದ ಅದರಲ್ಲಿ ಒಮ್ಮೆಗೆ ಐದು ವರ್ಷದವರೆಗೆ ಇರಬಹುದು. ಇಂಗ್ಲೆಂಡು 2012ರ ಜುಲೈಯಲ್ಲಿ ಅದೇ ಗೆರೆಯನ್ನು ಬಿಗಿ ಮಾಡಿತು: ಊರಿನಲ್ಲಿ ಎಷ್ಟು ಹಣ ಕೊಟ್ಟರೂ ಆರೈಕೆ ಸಿಕ್ಕದೆಂದು ತೋರಿಸಿದ ವೃದ್ಧರಿಗೆ ಮಾತ್ರ ಪ್ರವೇಶ. ಗೆರೆ ಎಳೆಯುವುದು ಅವರ ಹಕ್ಕು. ಆದರೆ ಅವರ ಗೆರೆಯನ್ನೇ ನಮ್ಮ ಮನೆಯ ನಕ್ಷೆಯೆಂದು ನಾವು ನಂಬಬೇಕಾದುದಿಲ್ಲ. ಅಪಾಯವಿರುವುದು ಅಲ್ಲಿ. ವರ್ಷಗಟ್ಟಲೆ ‘ಅವಲಂಬಿತೆ’ ಎಂದು ಸಹಿ ಹಾಕಿದವಳು ತಾನು ಹಾಗೆಯೇ ಎಂದು ತಿಳಿದುಕೊಳ್ಳುತ್ತಾಳೆ. ಪಟ್ಟಿಯಲ್ಲಿಲ್ಲದ ಹೆತ್ತವರನ್ನು ಮಗ ಮೆಲ್ಲಗೆ ಮನಸ್ಸಿನ ಪಟ್ಟಿಯಿಂದಲೂ ಬಿಡುತ್ತಾನೆ.

ಆದುದರಿಂದ ಮಗನನ್ನು ಕಳುಹಿಸುವ ಮನೆಗಳು, ಹೆಣ್ಣು ಕೊಡುವ ಮನೆಗಳು, ಯಾವ ಅರ್ಜಿಯೂ ಕೇಳದ ಎರಡು ಪ್ರಶ್ನೆಗಳನ್ನು ಮೊದಲೇ ಕೇಳಿಕೊಳ್ಳುವುದು ಮೇಲು. ಹೋಗುವ ಹೆಣ್ಣಿನ ವಿದ್ಯೆಗೆ ಆ ದೇಶದಲ್ಲಿ ಎಂದು, ಯಾವ ವೀಸಾದಲ್ಲಿ ಕೆಲಸ ಸಿಕ್ಕೀತು? ಉಳಿಯುವ ಹಿರಿಯರು ಬಿದ್ದ ದಿನ ಎಬ್ಬಿಸುವವರು ಯಾರು? ಜಾತಕದ ಜೊತೆಗೆ ಇವನ್ನೂ ನೋಡಿದರೆ ಗ್ರಹಗಳೇನೂ ಮುನಿಯಲಾರವು.

ಆ ಮನೆಯವರು ತಡವಾಗಿಯಾದರೂ ಇವಕ್ಕೆ ಉತ್ತರ ಹುಡುಕಿದರು. ಹಿರಿಯರ ತಂಗಿಯ ಮಗ ಸಂಸಾರಸಮೇತ ಅದೇ ಮನೆಯ ಮಹಡಿಗೆ ಬಂದ. ವರ್ಷಕ್ಕೊಮ್ಮೆ ದಂಪತಿಗಳಲ್ಲಿ ಒಬ್ಬರಾದರೂ ಬಂದು ಹೋಗಬೇಕೆಂದು ನಿಶ್ಚಯವಾಯಿತು. ಸೊಸೆ ಹಿಂದಿರುಗಿದ ಮೇಲೆ ಮತ್ತೊಂದು ಶಾಲೆಯಲ್ಲಿ ಕೆಲಸ ಹಿಡಿದಳು.

ಅವಳು ಹೊರಡುವುದಕ್ಕೆ ಮುಂಚೆ, ಹೊಸ ಮುದ್ರೆಯ ಅರ್ಜಿಯನ್ನು ತುಂಬುತ್ತಿದ್ದಾಗ, ಮಾವನವರು ಎಡಗೈಯಿಂದ ಆ ಕಾಗದವನ್ನು ಮುಟ್ಟಿ, ಅವಳೇ ತಿದ್ದಿ ಕೊಟ್ಟ ಮಾತಿನಲ್ಲಿ ಹೇಳಿದರಂತೆ: “ಅವಲಂಬಿತರು ಎಂಬ ಕಡೆ ನಮ್ಮಿಬ್ಬರ ಹೆಸರು ಬರೆಯಮ್ಮ. ಯಾರ ಮೇಲೆ ಎಂದು ಕೇಳಿದರೆ ನಿನ್ನ ಹೆಸರು ಬರೆ. ಅದರಲ್ಲಿ ಸುಳ್ಳೇನಿದೆ?”

ಅರ್ಜಿಯಲ್ಲಿ ಅಷ್ಟು ಜಾಗವಿರಲಿಲ್ಲ.